ಬೆಳ್ಗೊಳದ ಒಡಂಬಡಿಕೆಯಲ್ಲಿ ಓದದೆ ಉಳಿದ ಸಾಲುಗಳು

ಹಾಸನ ಸೀಮೆಯಲ್ಲಿ ಮತಸಾಮರಸ್ಯವನ್ನು ಕುರಿತು ಮಾತು ಬಂದಾಗಲೆಲ್ಲ ಸಾಮಾನ್ಯವಾಗಿ ಎರಡು ಶಾಸನಗಳನ್ನು ನೆನೆಯುವುದುಂಟು. ಒಂದು, ಬೇಲೂರಿನ ಕೇಶವ ದೇವಾಲಯದ ಶಾಸನದಲ್ಲಿರುವ ಸಂಸ್ಕೃತ ಶ್ಲೋಕ. ಶೈವರು, ವೇದಾಂತಿಗಳು, ಬೌದ್ಧರು, ಜೈನರು ಬೇರೆ ಬೇರೆ ಹೆಸರಿನಿಂದ ಉಪಾಸಿಸುವವನು ಒಬ್ಬನೇ ಎಂಬುದು ಅದರ ತಾತ್ಪರ್ಯ. ಇನ್ನೊಂದು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳದ ಭಂಡಾರ ಬಸದಿಯಲ್ಲಿರುವ, ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಶಾಸನ. ಮೊದಲನೆಯದು ಸಭೆಗೆ ಬೇಗ ಒಪ್ಪುತ್ತದೆ. ಅದರಲ್ಲಿ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಎರಡನೆಯದರಲ್ಲಿ ಮೊದಲ ಕೆಲವು ಸಾಲುಗಳಷ್ಟೇ ವೇದಿಕೆಗೆ ಬರುತ್ತವೆ; ಉಳಿದವು ಕಲ್ಲಿನ ಮೇಲೆಯೇ ಉಳಿಯುತ್ತವೆ.

ಬೇಲೂರಿನ ಶ್ಲೋಕದಲ್ಲಿ ಜೈನದರ್ಶನವನ್ನು ಬಲ್ಲ ಶ್ರಾವಕನಿಗೆ ಒಂದು ಇಕ್ಕಟ್ಟು ಕಾಣದಿರದು. ಅರ್ಹಂತನು ಲೋಕಕರ್ತೃವಲ್ಲ, ವರವೀಯುವ ದೈವವೂ ಅಲ್ಲ. ಆತನನ್ನು ಇಷ್ಟಾರ್ಥ ಸಲ್ಲಿಸುವ ತ್ರಿಲೋಕನಾಥನೊಡನೆ ಒಂದುಗೂಡಿಸಿದಾಗ ಗೌರವವೇನೋ ದೊರೆಯಿತು, ದರ್ಶನ ಮಾತ್ರ ಕಳೆದುಹೋಯಿತು. ಎಲ್ಲರನ್ನೂ ಒಂದೇ ಎಂದುಬಿಟ್ಟರೆ ಐಕ್ಯ ಸುಲಭ. ಬೇರೆಯಾಗಿಯೇ ಇದ್ದು ಒಬ್ಬರಿಗೊಬ್ಬರು ಹೊಣೆಯಾಗುವ ಐಕ್ಯ ಕಠಿನ. ಬೆಳ್ಗೊಳದ ಶಾಸನ ಈ ಎರಡನೆಯ ಬಗೆಯದಾದ್ದರಿಂದ ಅದನ್ನು ಪೂರ್ತಿಯಾಗಿ ಓದುವ ಅಗತ್ಯವಿದೆ.

ಅದರ ಕಾಲ ಶಕವರ್ಷ 1290, ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿ; ಅಂದರೆ ಕ್ರಿ.ಶ. 1368ರ ಆಗಸ್ಟ್ 24. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳನ್ನೊಳಗೊಂಡ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಸಾಮಾನ್ಯವಾಗಿ ಉಪನ್ಯಾಸ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳುತ್ತದೆ.

ಆದರೆ ಆ ವಿವಾದ ಮೋಕ್ಷಮಾರ್ಗವನ್ನು ಕುರಿತದ್ದಾಗಿರಲಿಲ್ಲ. ಶಾಸನವು ಜೈನದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಸಲ್ಲಬೇಕೆಂದು ಹೆಸರಿಟ್ಟು ಹೇಳುವುದು ಪಂಚಮಹಾವಾದ್ಯಗಳು ಮತ್ತು ಕಲಶ. ಇವು ಗರ್ಭಗುಡಿಯೊಳಗಿನ ಪ್ರಶ್ನೆಗಳಲ್ಲ, ಬೀದಿಯ ಪ್ರಶ್ನೆಗಳು. ಊರಿನ ಬೀದಿಯಲ್ಲಿ ಯಾರು ಯಾವ ಗೌರವದೊಡನೆ ನಡೆದುಹೋಗಬಹುದು ಎಂಬುದನ್ನು ನೆರೆಯವರು ಒಪ್ಪಬೇಕಾಗಿತ್ತು. ಇಂದು ಮೆರವಣಿಗೆಯ ಮಾರ್ಗ, ಧ್ವನಿವರ್ಧಕ, ಪರವಾನಗಿಗಳ ಸುತ್ತ ಏಳುವ ಜಗಳಗಳನ್ನು ಕಂಡವರಿಗೆ ಇದು ದೂರದ ಮಾತೆನಿಸದು.

ಶಾಸನದ ಶ್ರೀವೈಷ್ಣವ ಪಕ್ಷದ ಪಟ್ಟಿಯೂ ಗಮನಾರ್ಹ. ಅಲ್ಲಿ ಆಚಾರ್ಯರೂ ಸಾತ್ವಿಕರೂ ಇರುವಂತೆಯೇ ತಿರುಕುಲದವರೂ ಜಾಂಬವಕುಲದವರೂ ಇದ್ದಾರೆ. ಊರು ಯಾರನ್ನು ಹೊರಗಿಟ್ಟಿತ್ತೋ ಅವರೂ ಒಡಂಬಡಿಕೆಗೆ ಬದ್ಧರಾದ ಪಕ್ಷಕಾರರೆಂದು ಕಲ್ಲು ಹೇಳುತ್ತದೆ. ಮೇಲಿನವರು ಮಾತ್ರ ಕೈಕುಲುಕಿದರೆ ಬೀದಿಯಲ್ಲಿ ಶಾಂತಿ ನಿಲ್ಲದೆಂಬ ಲೋಕಜ್ಞಾನ ಇದರ ಹಿಂದಿರಬೇಕು. ಈಗಿನ ಶಾಂತಿಸಭೆಗಳ ಆಹ್ವಾನ ಪತ್ರಿಕೆಗಳಲ್ಲಿ ಮಠಾಧೀಶರ ಮತ್ತು ಶಾಸಕರ ಹೆಸರುಗಳನ್ನು ದಾಟಿ ಅಷ್ಟು ಕೆಳಗೆ ಇಳಿಯುವವು ಎಷ್ಟಿವೆ?

ಮುಂದಿನ ವಾಕ್ಯವೇ ಶಾಸನದ ತಿರುಳು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ, ಅದು ತಮ್ಮದೇ ದರ್ಶನದ ಹಾನಿ ಅಥವಾ ವೃದ್ಧಿ ಎಂದು ವೈಷ್ಣವರು ಭಾವಿಸಬೇಕು. ಈ ನಿಯಮವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ಕಲ್ಲಿನಲ್ಲಿ ಬರೆದು ನಿಲ್ಲಿಸಬೇಕಾದವರೂ ವೈಷ್ಣವರೇ. ಇದು ಸಹಿಷ್ಣುತೆಗಿಂತ ಮುಂದಿನ ಮಾತು. ಸಹಿಷ್ಣುವಾದವನು ನೆರೆಯವನ ಮನೆಗೆ ಬೆಂಕಿ ಹಚ್ಚುವುದಿಲ್ಲ, ಅಷ್ಟೇ. ನೆರೆಯವನ ಹಾನಿಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವವನು ಬೆಂಕಿ ಬಿದ್ದಾಗ ನೀರು ಹೊರಬೇಕಾಗುತ್ತದೆ.

ಇಲ್ಲಿಯವರೆಗಿನದು ವೈಷ್ಣವರ ಹೊಣೆ. ಜೈನರ ಹೊಣೆ ಇನ್ನು ಮುಂದೆ ಬರುತ್ತದೆ, ಮತ್ತು ಜೈನ ಸಮಾಜದ ಸಭೆಗಳಲ್ಲಿ ಅತ್ಯಂತ ಕಡಮೆ ಕೇಳಿಬರುವ ಭಾಗವೂ ಇದೇ. ರಾಜ್ಯದ ಸಮಸ್ತ ಭವ್ಯಜನರ ಅನುಮತದಿಂದ, ಜೈನರ ಪ್ರತಿಯೊಂದು ಮನೆಯೂ, ಬಾಗಿಲ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಇದನ್ನು ನಡೆಸಬೇಕಾದವನು ತಿರುಮಲೆಯ ತಾತಯ್ಯ; ಅಂದರೆ ಒಬ್ಬ ಶ್ರೀವೈಷ್ಣವ.

ಈ ಏರ್ಪಾಡಿನಲ್ಲಿ ಯೋಚಿಸಬೇಕಾದುದು ಬಹಳವಿದೆ. ರಕ್ಷಣೆಯನ್ನು ಬೇಡಿದವರು ರಕ್ಷಣೆಯ ವೆಚ್ಚವನ್ನೂ ಹೊತ್ತರು. ವಂತಿಗೆ ದೊಡ್ಡ ಸೆಟ್ಟರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. ಬಡವನ ಬಾಗಿಲಿಗೂ ಸಿರಿವಂತನ ಬಾಗಿಲಿಗೂ ಒಂದೇ ಹಣ. ಇದರಲ್ಲಿ ಬಡವನಿಗೆ ಭಾರ ಹೆಚ್ಚೆಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಆದರೂ ಹಣ ಕೊಟ್ಟ ಪ್ರತಿ ಮನೆಗೂ ಗೊಮ್ಮಟನ ಕಾವಲಿನಲ್ಲಿ ಸಮಪಾಲು ಇತ್ತು; ಕೊಡುಗೈ ದಾನಿಯೊಬ್ಬನ ಹೆಸರಿನ ಫಲಕ ಏಳಲು ಆಸ್ಪದವಿರಲಿಲ್ಲ. ಹಣ ಉಳಿದರೆ ಹೊಸ ಬಸದಿ ಕಟ್ಟಿಸಿ ಎಂದೂ ಶಾಸನ ಹೇಳುವುದಿಲ್ಲ. ಹಳೆಯದಕ್ಕೆ ಸುಣ್ಣ ಬಳಿಯಿರಿ ಎನ್ನುತ್ತದೆ. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಕೂಡಿಸುವ ಕೆಲವು ವಿಶ್ವಸ್ತ ಮಂಡಳಿಗಳು ಪಕ್ಕದ ಗ್ರಾಮದ ಸೋರುವ ಬಸದಿಯ ಮಾಡಿಗೆ ಹಂಚು ಹೊದಿಸಲು ಮುಂದಿನ ವರ್ಷವನ್ನು ತೋರಿಸುವುದು ಸಮಾಜಕ್ಕೆ ಅಪರಿಚಿತವಾದ ಸಂಗತಿಯಲ್ಲ.

ಎಲ್ಲಕ್ಕಿಂತ ಮಿಗಿಲಾದುದು ತಾತಯ್ಯನ ನೇಮಕ. ವಿವಾದದ ಎದುರು ಪಕ್ಷಕ್ಕೆ ಸೇರಿದವನ ಕೈಗೆ ತಮ್ಮ ಮನೆಮನೆಯ ಹಣವನ್ನೊಪ್ಪಿಸಲು ಜೈನರು ಸಮ್ಮತಿಸಿದರು. ಅದು ವಿಶ್ವಾಸವೋ ಅನಿವಾರ್ಯವೋ ಎಂದು ಕೇಳಬಹುದು; ಎರಡೂ ಇದ್ದಿರಬೇಕು. ಆದರೆ ಅದರ ಪರಿಣಾಮ ಸ್ಪಷ್ಟ. ಗೊಮ್ಮಟನ ಅಂಗರಕ್ಷೆಗೆ ಒಬ್ಬ ವೈಷ್ಣವನು ಹೆಸರು ಹಿಡಿದು ಉತ್ತರವಾದಿಯಾದನು. ಲೆಕ್ಕ ಜೈನರ ಮನೆಯೊಳಗಿನ ಗುಟ್ಟಾಗಿ ಉಳಿಯಲಿಲ್ಲ. ಇಂದು ಬಸದಿಗಳ ಆಯವ್ಯಯವನ್ನು ವಾರ್ಷಿಕ ಸಭೆಯಲ್ಲಿ ಸ್ವಂತ ಶ್ರಾವಕರ ಮುಂದಿಡಲು ಹಿಂಜರಿಯುವ ಧರ್ಮದರ್ಶಿಗಳು ಇದ್ದರೆ, ಅವರು ಈ ಶಾಸನವನ್ನು ಸಭೆಯಲ್ಲಿ ಉದ್ಧರಿಸುವಾಗ ಸ್ವಲ್ಪ ಸಂಕೋಚಪಡಬೇಕಾಗುತ್ತದೆ.

ನಿಯಮವನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಶಾಸನ ವಿಧಿಸುತ್ತದೆ. ಮೀರುವವನು ತಪಸ್ವಿಯಾಗಿರಬಹುದು, ಗ್ರಾಮಣಿಯಾಗಿರಬಹುದು ಎಂಬುದನ್ನೂ ಮುಂಗಂಡು, ಅಂಥವರಿಗೆ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪವನ್ನು ಹೇಳಿದೆ. ಕಾವಿಗೂ ಅಧಿಕಾರಕ್ಕೂ ರಿಯಾಯಿತಿಯಿಲ್ಲ. ಕೊನೆಗೆ ಸೇರಿಸಿದ ಸಾಲುಗಳ ಪ್ರಕಾರ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬಾತನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಒಡಂಬಡಿಕೆ ಒಮ್ಮೆ ಬರೆದರೆ ತಾನಾಗಿ ಬಾಳುವುದಿಲ್ಲವೆಂದು ಬಲ್ಲ ವರ್ತಕನೊಬ್ಬ ಓಡಾಡಿ ಅದನ್ನು ಉಳಿಸಿದನು. ಪಟ್ಟ ಕೊಟ್ಟವರಲ್ಲಿ ವೈಷ್ಣವರೂ ಇದ್ದರೆಂಬುದು ಅದರ ಬೆಲೆ.

ಶಾಸನವನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನು ಮರೆಯಲಾಗದು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಮಗಳನ್ನು ಧಾರೆಯೆರೆದು ಕೊಡುವ ತಂದೆಯ ಭಂಗಿಯದು. ಒಪ್ಪಿಸಲ್ಪಟ್ಟವರು ಸಮಾನರೇ ಎಂಬ ಪ್ರಶ್ನೆ ಉಳಿಯುತ್ತದೆ. ಇದೇ ಜಿಲ್ಲೆಯ ಹಳೇಬೀಡಿನಲ್ಲಿ, 1638ರ ಶಾಸನದಲ್ಲಿ, ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ಹುಚ್ಚಪ್ಪದೇವ ಎಂಬವನು ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನೊತ್ತಿದನು. ವಿಜಯಪ್ಪನೆಂಬ ಜೈನನು ಅದನ್ನಳಿಸಿದನು. ಬೇಲೂರು ನಾಯಕರ ಆಳ್ವಿಕೆಯ ಕಾಲ. ಜೈನ ಸೆಟ್ಟರು ವೀರಶೈವ ಮಹಾಮಹತ್ತಿನ ಮುಂದೆಯೇ ಹೋಗಿ ಬಿನ್ನವಿಸಿಕೊಂಡರು. ವಿಭೂತಿ ವೀಳ್ಯಗಳನ್ನು ಮೊದಲು ಸಲ್ಲಿಸಿ, ಅನಂತರ ಜೈನರು ತಮ್ಮ ಪದ್ಧತಿಯಂತೆ ಪೂಜಾದಿಗಳನ್ನು ನಡೆಸಿಕೊಳ್ಳಬಹುದೆಂದು ತೀರ್ಮಾನವಾಯಿತು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ ಎಂದು ಬರೆಯಿಸಿದವರು ವೀರಶೈವ ಪ್ರಮುಖರೇ ಆಗಿದ್ದರು. ತಮ್ಮವನಿಂದಾದ ಅತಿಕ್ರಮವನ್ನು ತಮ್ಮದೇ ಶಪಥದಿಂದ ತಡೆದದ್ದು ದೊಡ್ಡದು. ಆದರೆ ಜಿನಮಂದಿರದಲ್ಲಿ ವಿಭೂತಿಗೆ ಮೊದಲ ಸ್ಥಾನವೇಕೆ? ಅಲ್ಪಸಂಖ್ಯಾತನು ಶಾಂತಿಗಾಗಿ ತೆತ್ತ ಬೆಲೆಯದು. ಅದನ್ನು ಸಾಮರಸ್ಯವೆಂದಷ್ಟೇ ಕರೆದು ಮುಂದೆ ಸಾಗಿದರೆ ಚರಿತ್ರೆಗೆ ನ್ಯಾಯವಾಗದು.

ಆ ಬೆಲೆಯನ್ನು ಕೇಳದಿರುವ ಮಾರ್ಗ ದೊರೆತದ್ದು ಸಂವಿಧಾನದಿಂದ. ಅಲ್ಲಿ ಯಾರ ಕೈಯನ್ನೂ ಯಾರ ಕೈಯಲ್ಲೂ ಇರಿಸುವ ಅರಸನಿಲ್ಲ. 25 ಮತ್ತು 26ನೆಯ ವಿಧಿಗಳ ಹಕ್ಕು ಅನುಗ್ರಹವಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದಾಗ ಸಮಾಜದಲ್ಲಿ ಸಂತೋಷ ಕಂಡದ್ದು ಸಹಜ. ವಿದ್ಯಾರ್ಥಿವೇತನದ ಅರ್ಜಿಗಳಿಗೆ ಅಂದಿನಿಂದ ದೊರೆತ ಗಮನ, 1976ರಲ್ಲಿ ಸೇರಿದ 51ಎ ವಿಧಿಗೆ ಎಂದೂ ದೊರೆತದ್ದಿಲ್ಲ. ಮತ, ಭಾಷೆ, ಪ್ರದೇಶಗಳ ಭೇದವನ್ನು ಮೀರಿದ ಸೋದರಭಾವವನ್ನು ಬೆಳೆಸುವುದೂ, ಜೀವಿಗಳಲ್ಲಿ ಅನುಕಂಪ ತೋರುವುದೂ ಅಲ್ಲಿ ಪ್ರತಿ ನಾಗರಿಕನ ಕರ್ತವ್ಯಗಳಾಗಿವೆ. ಎರಡನೆಯದನ್ನು ಜೈನರು ತಮ್ಮದೆಂದು ಕೂಡಲೇ ಗುರುತಿಸುತ್ತಾರೆ. ಮೊದಲನೆಯದು ಪ್ರಾಯಃ ಇತರರಿಗೆ ಬರೆದದ್ದೆಂಬ ಭಾವನೆ.

ಹಾನಿವೃದ್ಧಿಗಳ ಮಾತು ಈ ಸೀಮೆಯಲ್ಲಿ ಹಳೆಯದಾಗಿಲ್ಲವೆಂಬುದಕ್ಕೆ ಹೇಮಾವತಿಯೇ ಸಾಕ್ಷಿ. ಹಾಸನ ತಾಲ್ಲೂಕಿನ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಬಲದಂಡೆಯ ನಾಲೆಗಳು ಅರಕಲಗೂಡು ಹೊಳೆನರಸೀಪುರಗಳ ಕಡೆಗೂ, ಎಡದಂಡೆಯ ನಾಲೆ ಚನ್ನರಾಯಪಟ್ಟಣದತ್ತ ಹರಿದು ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೂ ನೀರನ್ನೊಯ್ಯುತ್ತವೆ. ಅದೇ ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಪಾಳುಗೋಡೆಗಳಾಗಿ ನಿಲ್ಲುತ್ತದೆ. ಪ್ರವಾಸಿಗರಿಗೆ ಅದೊಂದು ನೋಟ. ಗದ್ದೆಗೆ ನೀರು ಬಂದ ಚನ್ನರಾಯಪಟ್ಟಣದ ರೈತನೂ, ಅವನ ಭತ್ತವನ್ನು ಕೊಳ್ಳುವ ವರ್ತಕನೂ ಆ ಗೋಡೆಗಳ ಹಾನಿಯಲ್ಲಿ ತಮ್ಮ ವೃದ್ಧಿಯ ಪಾಲನ್ನು ಕಾಣಬೇಕೆಂದು ಬೆಳ್ಗೊಳದ ಶಾಸನದ ತರ್ಕ ಕೇಳುತ್ತದೆ. ಇಲ್ಲಿ ನಷ್ಟ ಹೊಂದಿದವರು ಕ್ರೈಸ್ತರು ಮಾತ್ರವೂ ಅಲ್ಲ, ಮುಳುಗಡೆಗೆ ಮತಭೇದವಿರಲಿಲ್ಲ.

ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಿಂದ ಜೈನರ ಲಾಂಛನದ ಕೆಳಗೆ ಪರಸ್ಪರೋಪಗ್ರಹದ ಸೂತ್ರ ಅಚ್ಚಾಗುತ್ತಿದೆ. ಮದುವೆಯ ಕರೆಯೋಲೆಗಳಲ್ಲೂ ಅದನ್ನು ಕಾಣಬಹುದು. ಆ ಸೂತ್ರವನ್ನು ಆಡಳಿತದ ಭಾಷೆಗೆ ತಂದ ಅತ್ಯಂತ ಹಳೆಯ ಉದಾಹರಣೆಗಳಲ್ಲೊಂದು ಸ್ವಂತ ಕ್ಷೇತ್ರದಲ್ಲೇ ಇರುವಾಗ, ಅದನ್ನು ಜೈನರ ಪ್ರಾಚೀನ ಗೌರವಕ್ಕೆ ಪ್ರಮಾಣಪತ್ರವನ್ನಾಗಿ ಮಾತ್ರ ಬಳಸುತ್ತಿರುವುದು ಸೋಜಿಗ. ಶಾಸನ ಜೈನರಿಂದ ಕೇಳಿದ್ದು ಮನೆಗೊಂದು ಹಣ, ಬಹಿರಂಗ ಲೆಕ್ಕ, ಹಳೆಯ ಗೋಡೆಗೆ ಸುಣ್ಣ, ಅನ್ಯಸಮಯದವನಲ್ಲಿ ವಿಶ್ವಾಸ.

ಈಗ ಗೊಮ್ಮಟಮೂರ್ತಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಾವಲಿನ ವೆಚ್ಚವನ್ನು ಎಲ್ಲ ಮತದ ತೆರಿಗೆದಾರರೂ ಹೊರುತ್ತಾರೆ. ಆದರೆ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರದ ಬಸದಿಗಳಿವೆ. ಕೊಂಗಾಳ್ವರು ಆಳಿದ ಅರಕಲಗೂಡು ಸೀಮೆಯಲ್ಲಾಗಲಿ, ಹೊಳೆನರಸೀಪುರದ ಕಡೆಯಲ್ಲಾಗಲಿ, ಜೈನರ ಮನೆಯೊಂದೂ ಉಳಿಯದ ಊರಿನಲ್ಲಿ ಬಸದಿಯೊಂದು ಉಳಿದಿದ್ದರೆ, ಅದರ ಬಾಗಿಲಿಗೆ ಬೀಗ ಹಾಕಿ, ಅಂಗಳ ಗುಡಿಸಿ, ಸಂಜೆ ದೀಪವಿಡುವವನು ಆ ಊರಿನ ಅನ್ಯಸಮಾಜದವನೇ. ಆತನಿಗೆ ತಿಂಗಳಿಗೆ ಸಲ್ಲುವ ಸಂಬಳವೆಷ್ಟು, ಅದು ಯಾವ ಮಂಡಳಿಯ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ, ಆತನ ಮನೆಯಲ್ಲಿ ಕಾಯಿಲೆಯಾದಾಗ ವಿಚಾರಿಸಲು ಯಾರು ಹೋಗುತ್ತಾರೆ ಎಂಬುದನ್ನು ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಯಾವ ಅರಸನ ಅಪ್ಪಣೆಯೂ ಬೇಕಾಗಿಲ್ಲ.