ಆಮೇಲೆ ಸಿಕ್ಕ ಒಪ್ಪಿಗೆ

ಸ್ಟಾನ್ಲಿ ಮಿಲ್‌ಗ್ರಾಂ ಅವರ ಪ್ರಯೋಗದ ಬಗ್ಗೆ ನೀವು ಓದಿರಬಹುದು. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅದು ಆರಂಭವಾಯಿತು. ಜ್ಞಾಪಕಶಕ್ತಿಯ ಅಧ್ಯಯನವೆಂದು ಹೇಳಿ ಜನರನ್ನು ಕರೆಸಲಾಯಿತು. ಪಕ್ಕದ ಕೋಣೆಯ 'ವಿದ್ಯಾರ್ಥಿ' ತಪ್ಪಿದಾಗಲೆಲ್ಲ ಅವರು ಒಂದೊಂದೇ ಸ್ವಿಚ್ಚು ಒತ್ತಬೇಕು. ಒಟ್ಟು 30 ಸ್ವಿಚ್ಚುಗಳು, 15ರಿಂದ 450 ವೋಲ್ಟ್‌ವರೆಗೆ. (ವಿದ್ಯುತ್ ಪ್ರವಾಹ ಎಷ್ಟೆಂದು ಕೇಳದೆ ಬರೀ ವೋಲ್ಟ್ ನೋಡಿ ಹೆದರುವುದು ನಮ್ಮ ವಿದ್ಯಾರ್ಥಿಗಳಿಗೂ ಇರುವ ಅಭ್ಯಾಸ!) ಷಾಕ್ ಸುಳ್ಳು, ನೋವು ನಟನೆ. 1963ರ ವರದಿಯಂತೆ 40 ಮಂದಿಯಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು.

ತರಗತಿಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರು. ಸ್ವಿಚ್ಚು ಒತ್ತಿದವರು ಬೆವರಿದರು, ನಡುಗಿದರು. ಮೂವರಿಗೆ ತಡೆಯಲಾಗದ ಸೆಳವು ಬಂದದ್ದು ಅದೇ ವರದಿಯಲ್ಲಿದೆ. 1964ರಲ್ಲಿ ಡಯಾನಾ ಬಾಮ್‌ರಿಂಡ್ ಇದನ್ನು ಖಂಡಿಸಿದರು. ಮಿಲ್‌ಗ್ರಾಂ ಕೊಟ್ಟ ಸಮಾಧಾನವೆಂದರೆ, ಪ್ರಯೋಗದ ಬಳಿಕ ಕಳುಹಿಸಿದ ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ಶೇ. 84 ಮಂದಿ 'ಭಾಗವಹಿಸಿದ್ದಕ್ಕೆ ಸಂತೋಷ' ಎಂದಿದ್ದಾರೆ ಎಂಬುದು. ಆದರೆ ಅನೇಕರಿಗೆ ನಿಜಾಂಶ ಆ ದಿನವೇ ತಿಳಿಯಲಿಲ್ಲ, ತಿಂಗಳುಗಳ ನಂತರ ತಿಳಿಯಿತು ಎಂದು ಜಿನಾ ಪೆರಿ 2012ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಅದೇನೇ ಇರಲಿ, ಆಮೇಲಿನ ಸಂತೋಷ ಮೊದಲಿನ ಒಪ್ಪಿಗೆಯಾಗುವುದು ಹೇಗೆ? ಮನೆಯೊಳಗೆ ನುಗ್ಗಿದ ಮೇಲೆ ಯಜಮಾನ ಕಾಫಿ ಕೊಟ್ಟ ಮಾತ್ರಕ್ಕೆ ನುಗ್ಗಿದ್ದು ಸರಿ ಎನ್ನಲಾದೀತೆ?

ಇದೇ ವಾದ ಈಗ ಭ್ರೂಣಗಳ ಆಯ್ಕೆಯಲ್ಲಿ ಕೇಳಿಬರುತ್ತಿದೆ. 'ಹುಟ್ಟುವ ಮಗು ಮುಂದೆ ಸಂತೋಷಪಡುತ್ತದೆ' ಎನ್ನುತ್ತಾರೆ. ಇಲ್ಲಂತೂ ಪ್ರಶ್ನಾವಳಿ ಕಳುಹಿಸಲು ಆಯ್ಕೆಯಾಗದವರ ವಿಳಾಸವೇ ಇಲ್ಲ! ಥಲಸ್ಸೀಮಿಯದಂತಹ ಒಂದೇ ಜೀನಿನ ಕಾಯಿಲೆಯನ್ನು ತಪ್ಪಿಸಬಯಸುವ ತಂದೆತಾಯಿಯರನ್ನು ನಾನು ದೂರಲಾರೆ. ಎತ್ತರ, ಬುದ್ಧಿಮತ್ತೆಗಳ ವಿಷಯ ಬೇರೆ. ಅವುಗಳ ಹಿಂದೆ ಸಾವಿರಾರು ಜೀನ್ ವ್ಯತ್ಯಾಸಗಳಿವೆ. ಅತ್ಯುತ್ತಮ ಅಂಕದ ಭ್ರೂಣವನ್ನು ಆರಿಸಿದರೂ ಸಿಗುವ ಸರಾಸರಿ ಲಾಭ ಸುಮಾರು 2.5 ಸೆಂ.ಮೀ. ಅಥವಾ 2.5 ಐಕ್ಯೂ ಅಂಕ ಎಂದು 2019ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ಹೇಳುತ್ತದೆ. ಅದೂ ಸರಾಸರಿ ಮಾತ್ರ; ನಿರ್ದಿಷ್ಟ ಮಗುವಿಗೆ ಯಾವ ಖಾತರಿಯೂ ಇಲ್ಲ.

ಆಯ್ಕೆ ಎಂಬುದು ನಮಗೆ ಹೊಸದಲ್ಲ. ಲಿಂಗಪತ್ತೆ ತಡೆಯುವ ಕಾಯಿದೆ 1994ರಲ್ಲಿ ಬಂತು; 2003ರ ತಿದ್ದುಪಡಿ ಗರ್ಭಧಾರಣೆಗೆ ಮುಂಚಿನ ಆಯ್ಕೆಯನ್ನೂ ನಿಷೇಧಿಸಿತು. ದೇಶದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. ಇಳಿದ ಈ ಸಂಖ್ಯೆಯ ಹಿಂದಿದ್ದ ಎಷ್ಟೋ ಕುಟುಂಬಗಳು, ತಾವು ಮಾಡಿದ್ದು ಮನೆಯ ಒಳಿತಿಗೇ ಎಂದು ನಂಬಿದ್ದವು.