ಕರೆಂಟ್ ಕೊಡುವ ಡಾಕ್ಟರು

ನಮ್ಮ ಕೊಪ್ಪಳ ಸೀಮೆಯಲ್ಲಿ ಫಿಸಿಯೋಥೆರಪಿಗೆ ಜನ ಇಟ್ಟ ಹೆಸರು ‘ಕರೆಂಟ್’. ‘ಗಂಗಾವತಿಗೆ ಹೋಗಿ ಹತ್ತ ದಿನ ಕರೆಂಟ್ ಕೊಡಿಸ್ಕೊಂಡ ಬಂದೆ, ಟೊಂಕ ಒಂಚೂರು ಸಡ್ಲ ಆತು’ ಅನ್ನುತ್ತಾರೆ. ಹೆಸರಿನಲ್ಲಿ ಜನರ ತಪ್ಪೇನಿಲ್ಲ, ಅವರು ಕಂಡದ್ದೇ ಅಷ್ಟು. ಸೊಂಟಕ್ಕೆ ನಾಲ್ಕು ಪ್ಯಾಡ್ ಅಂಟಿಸಿ, ಮಷೀನ್ ಹಚ್ಚಿ, ಪರದೆ ಎಳೆದು ಹೋಗುತ್ತಾರೆ; ಹೊತ್ತು ಮುಗಿದಾಗ ಬಂದು ಬಿಡಿಸುತ್ತಾರೆ. ಆ ಹೊತ್ತಿಗೆ ನೋವು ಇಳಿಯುವುದು ನಿಜ. ಆದರೆ ಕಾರಟಗಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನೆಲ್ಲು ಹಚ್ಚುವ ಹೆಣ್ಣುಮಗಳಿಗೆ ನಾಳೆಯೂ ಅದೇ ಕೆಸರು, ಅದೇ ಬಾಗು. ಬೆನ್ನು, ತೊಡೆ ಗಟ್ಟಿಯಾಗುವ ವ್ಯಾಯಾಮ ಕಲಿಸದೆ, ನಡುನಡುವೆ ಸೆಟೆದು ನಿಲ್ಲು ಎಂದು ಹೇಳದೆ ಕಳಿಸಿದರೆ ಅವಳು ಮುಂದಿನ ತಿಂಗಳು ಮತ್ತೆ ಬರುತ್ತಾಳೆ, ಮತ್ತೆ ಹತ್ತು ದಿನದ ಕೂಲಿ ಕಳೆದುಕೊಂಡು. ವರ್ಷಗಟ್ಟಲೆ ಎಲುಬು, ನರ, ಸ್ನಾಯು ಓದಿ ಬಂದವರ ವಿದ್ಯೆ ಒಂದು ಸ್ವಿಚ್ಚಿಗೆ ಇಳಿದಿದೆ. ಈ ವೃತ್ತಿಯ ಮೇಲೆ ಇದು ನನ್ನ ಮೊದಲ ತಕರಾರು.

ಎರಡನೆಯದು ವೃತ್ತಿಯ ಒಳಗಿನ ಮೇಲು-ಕೀಳು. ಕ್ರಿಕೆಟ್ ತಂಡದ ಜೊತೆ ಇರುವ ಫಿಸಿಯೋ ಎಲ್ಲರಿಗಿಂತ ಮೇಲೆ, ಊರಲ್ಲಿ ಕ್ಲಿನಿಕ್ ಇಟ್ಟವರು ನಡುವೆ, ಮುದುಕರ ಮನೆಗೆ ಹೋಗುವವರು ಕೊನೆಗೆ. ಆಟದ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ. ಅಲಿ ಇರಾನಿ 1987ರಿಂದ ಸುಮಾರು ಹತ್ತು ವರ್ಷ ಭಾರತ ತಂಡದ ಜೊತೆ ಇದ್ದರು. ಆಟಗಾರ ಬಿದ್ದಾಗ ಪೆಟ್ಟಿಗೆ ಹಿಡಿದು ಓಡಿಬರುವ ಮನುಷ್ಯ ಯಾರೆಂದು ನಮ್ಮ ಜನಕ್ಕೆ ತಿಳಿದದ್ದೇ ಅವರಿಂದ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದು, 2003ರ ವಿಶ್ವಕಪ್ ಫೈನಲ್‌ವರೆಗೂ ಚೆಂಡೆಸೆದರು. ವೇಗದ ಬೌಲರ್‌ನ ಭುಜಕ್ಕೆ ಕತ್ತರಿ ಹಾಕುವುದು ಒಂದು ದಿನದ ಕೆಲಸ. ಆಮೇಲೆ ತೋಳನ್ನು ಬೆರಳಗಲ ಬೆರಳಗಲವಾಗಿ ಮೇಲೆತ್ತಿಸುತ್ತಾ ಹೋಗುವುದು ತಿಂಗಳುಗಳ ಕೆಲಸ. ತಂಡದಲ್ಲಿ ಒಂದು ಮೈಗೆ ದಿನವೂ ಅಳತೆ, ದಿನವೂ ಗುರಿ, ದಿನವೂ ಲೆಕ್ಕ ಇರುತ್ತದೆ. ಈ ಎಚ್ಚರ ತಂಡದ ಬಸ್ಸಿನಲ್ಲೇ ಉಳಿದು, ಹಳ್ಳಿಯ ಹೊರಸಿನ ತನಕ ಬರುವುದಿಲ್ಲ ಎಂಬುದೇ ನನ್ನ ಕೊರಗು.

ಬರಬೇಕಾದ ಕಾರಣ ನಮ್ಮ ನೆಲದಲ್ಲೇ ಇದೆ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಹಸಿರು ಮಾಡಿತು. ಕುಷ್ಟಗಿ, ಯಲಬುರ್ಗಾದ ಒಣಭೂಮಿ ಬೋರ್‌ವೆಲ್ ನಂಬಿತು. ಅಲ್ಲಿನ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುವುದು ಎಲ್ಲರಿಗೂ ಕಾಣುತ್ತದೆ. ಬೆನ್ನುಹುರಿಯ ಸುತ್ತಲಿನ ಕಟ್ಟುಗಳು ಸುಣ್ಣಗಟ್ಟಿ ಮೈ ಕೊರಡಾಗುವುದು ‘ವಯಸ್ಸಾತು’ ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಇದನ್ನು ಶಂಕಿಸಲು ದೊಡ್ಡ ಯಂತ್ರ ಬೇಕಿಲ್ಲ. ನೆಲದ ಮೇಲೆ ಒಂದು ರೂಪಾಯಿ ಇಟ್ಟು, ಮೊಣಕಾಲು ಬಗ್ಗಿಸದೆ ಎತ್ತಲು ಹೇಳಿ. ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಲು ಹೇಳಿ. ಮೂರೂ ಆಗದಿದ್ದರೆ ಕರೆಂಟ್ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಯವ್ವಾ, ಕುಡಿಯೋ ನೀರು ಎಲ್ಲಿಂದ ತರ್ತೀರಿ? ಈ ಪ್ರಶ್ನೆ ಕೇಳದ ಫಿಸಿಯೋ, ಎಷ್ಟೇ ದೊಡ್ಡ ಕಾಲೇಜಿನಲ್ಲಿ ಓದಿದ್ದರೂ, ಕುಷ್ಟಗಿಗೆ ತಕ್ಕವರಲ್ಲ.

ಯಲಬುರ್ಗಾ ಕಡೆಯ ನಮ್ಮ ದೊಡ್ಡವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮೊದಲು ಒಯ್ದ ಕಡೆ ಹದಿನೈದು ದಿನ ಕೈಗೆ ಕರೆಂಟ್ ಕೊಟ್ಟರು. ಹೊರಸಿನಿಂದ ಏಳುವುದು ಹೇಗೆಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ನಾವು ಸೋತ ಕೈಯನ್ನೇ ಹಿಡಿದು ಎಳೆದು ಕೂಡಿಸುತ್ತಿದ್ದೆವು. ಭುಜ ಕೀಲಿನಿಂದ ಜಾರಿತು, ರಾತ್ರಿಯೆಲ್ಲ ನರಳಾಟ. ಆಮೇಲೆ ಮನೆಗೆ ಬಂದ ಹುಡುಗಿ ಮಷೀನ್ ತರಲಿಲ್ಲ. ಸೋತ ತೋಳಿನ ಕೆಳಗೆ ದಿಂಬು ಇಟ್ಟಳು. ದೊಡ್ಡವ್ವನ ಪಾದಗಳನ್ನು ಹಿಂದಕ್ಕೆ ಎಳೆಸಿದಳು, ‘ಮುಂದಕ್ಕ ಬಾಗು ಅಜ್ಜಿ, ಮೂಗು ಮೊಣಕಾಲ ದಾಟಬೇಕು’ ಅಂದಳು, ಟೊಂಕಕ್ಕೆ ಕೈ ಕೊಟ್ಟಳು. ದೊಡ್ಡವ್ವ ಎದ್ದು ನಿಂತಳು. ಹುಡುಗಿ ಮೊಬೈಲಿನಲ್ಲಿ ಸೆಕೆಂಡು ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಳು. ಮರುದಿನ ಅದರ ಕೆಳಗೆ ಇನ್ನೊಂದು ಅಂಕಿ. ತಂಡದಲ್ಲಿ ಶ್ರೀನಾಥರಂಥವರಿಗೆ ಇಡುವ ಲೆಕ್ಕ ಇದೇ ತಾನೆ? ದೊಡ್ಡವ್ವನ ಗುರಿ ತನ್ನ ಕಾಲ ಮೇಲೆ ಪಾಯಖಾನೆಗೆ ಹೋಗಿಬರುವುದು. ಅದು ವಿಶ್ವಕಪ್ಪಿಗಿಂತ ಸಣ್ಣದೆಂದು ನಾನು ಒಪ್ಪುವುದಿಲ್ಲ.

ಕಾಗದದ ಮೇಲೆ ಸರ್ಕಾರವೂ ಒಪ್ಪಿಲ್ಲ. ಹಿರಿಯರ ಆರೋಗ್ಯಕ್ಕೆಂದೇ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಫಿಸಿಯೋಥೆರಪಿ ಸಿಗಬೇಕು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಬೇಕು ಎಂದಿದೆ. 2021ರ ಕಾಯ್ದೆ ಈ ವೃತ್ತಿಯನ್ನು ರಾಷ್ಟ್ರೀಯ ಆಯೋಗವೊಂದರ ಕೆಳಗೆ ತಂದಿತು. ಓದಿದ ಮಕ್ಕಳು ಬೆಂಗಳೂರಿನ ಬಸ್ ಹತ್ತುವುದನ್ನು ಕಾಯ್ದೆ ತಡೆಯಲಾರದು; ತಾಲೂಕಿನಲ್ಲಿ ಕಾಯಂ ಹುದ್ದೆ, ಮನೆಮನೆಗೆ ತಿರುಗಲು ಪ್ರಯಾಣ ಭತ್ಯೆ ಕೊಟ್ಟರೆ ಕೆಲವರಾದರೂ ಉಳಿದಾರು. ತಂಡದಲ್ಲಿ ದುಡಿದವರು ವರ್ಷಕ್ಕೆ ಒಂದು ತಿಂಗಳು ಇತ್ತ ಬಂದು ಆಶಾ ಕಾರ್ಯಕರ್ತೆಯರಿಗೆ ಆ ಅಳತೆ, ಆ ಲೆಕ್ಕ ಕಲಿಸಿಕೊಟ್ಟರೂ ಆದೀತು.

ಅದೆಲ್ಲ ಆಗುವ ತನಕ ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದಿದ್ದರೆ ಸೋತ ಕೈ ಹಿಡಿದು ಎಳೆಯಬೇಡಿ. ಟೊಂಕಕ್ಕೆ ಕೈ ಕೊಟ್ಟು ಎಬ್ಬಿಸಿ. ಕ್ಲಿನಿಕ್ಕಿಗೆ ಹೋದಾಗ ಕರೆಂಟ್ ಮುಗಿದ ಕೂಡಲೇ ಎದ್ದು ಬರಬೇಡಿ. ಮನೆಯಲ್ಲಿ ಏನು ಮಾಡಬೇಕು, ದಿನಕ್ಕೆ ಎಷ್ಟು ಸಲ ಮಾಡಬೇಕು ಎಂದು ಕೇಳಿ, ಬರೆಸಿಕೊಂಡೇ ಬನ್ನಿ.