ಬೆಲೆ ಏರಿದರೆ ಬಿಂಬ ಸುಧಾರಿಸುವುದೇ?

ಕಾಲೇಜಿನ ವಿಜ್ಞಾನ ಸಂಘಕ್ಕೆ ಕ್ಯಾಮೆರಾ ಕೊಳ್ಳಬೇಕಾಗಿದೆ, ಪ್ರವೇಶ ಮಟ್ಟದ ಡಿಎಸ್‌ಎಲ್‌ಆರ್ ಸಾಕೇ ಅಥವಾ ಮಧ್ಯಮ ಶ್ರೇಣಿಯದೇ ಬೇಕೇ ಎಂದು ಕೇಳುವ ಅಧ್ಯಾಪಕ ಮಿತ್ರರು ಈಗಲೂ ಇದ್ದಾರೆ. ದೊಡ್ಡ ತಯಾರಕರು ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ಹೊರಳಿದ್ದಾರೆ, ನಿಜ. ಆದರೆ ಅದರಿಂದಾಗಿಯೇ ಬಳಸಿದ ಡಿಎಸ್‌ಎಲ್‌ಆರ್‌ಗಳು ನಮ್ಮ ಸಂಸ್ಥೆಗಳ ಕೈಗೆಟಕುವಂತಾಗಿವೆ. ಅಂಗಡಿಯವರ ಉತ್ತರ ಸಿದ್ಧವಾಗಿರುತ್ತದೆ: ಇನ್ನಷ್ಟು ಹಣ ಹಾಕಿ, ಇನ್ನಷ್ಟು ಒಳ್ಳೆಯ ಚಿತ್ರ ಬರುತ್ತದೆ. ಈ ಮಾತನ್ನು ನಾವು ಭೌತವಿಜ್ಞಾನದ ಒರೆಗೆ ಹಚ್ಚಿ ನೋಡಬೇಡವೇ?

ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. 2014ರಲ್ಲಿ ಬಂದ ನಿಕಾನ್ ಡಿ3300 ಪ್ರವೇಶ ಮಟ್ಟದ್ದು. 2015ರ ಡಿ7200 ಮಧ್ಯಮ ಶ್ರೇಣಿಯದು. ಎರಡರ ಸಂವೇದಕಗಳೂ ಸುಮಾರು 23.5 ಮಿಮೀ ಅಗಲ, 15.6 ಮಿಮೀ ಎತ್ತರ ಇವೆ. ಎರಡೂ ಕೊಡುವ ಚಿತ್ರ 6000 × 4000 ಬಿಂದುಗಳದು. ಭಾಗಿಸಿ ನೋಡಿ: ಪ್ರತಿ ಬಿಂದುವಿನ ಪಾಲಿಗೆ ಬರುವುದು ಸುಮಾರು 3.9 ಮೈಕ್ರೋಮೀಟರ್ ಬದಿಯ ಒಂದು ಚೌಕ. ಬೆಳಕನ್ನು ಹಿಡಿಯುವ ಬೊಗಸೆ ಒಂದೇ ಅಳತೆಯದಾದ ಮೇಲೆ ಚಿತ್ರದ ಗುಣದಲ್ಲಿ ಬಹಳ ಅಂತರವನ್ನು ನಿರೀಕ್ಷಿಸುವಂತಿಲ್ಲ. ಡಿ7200 ಕಚ್ಚಾ ದತ್ತಾಂಶವನ್ನು 14 ಬಿಟ್‌ಗಳಲ್ಲಿ, ಅಂದರೆ 16,384 ಹಂತಗಳಲ್ಲಿ ದಾಖಲಿಸಬಲ್ಲದು. ಡಿ3300ರಲ್ಲಿ 12 ಬಿಟ್, 4,096 ಹಂತಗಳು. ಈ ವ್ಯತ್ಯಾಸ ಗಾಢವಾದ ನೆರಳನ್ನು ಗಣಕದಲ್ಲಿ ಎಳೆದೆಳೆದು ಬೆಳಗಿಸುವವರಿಗಷ್ಟೇ ಎದ್ದು ಕಂಡೀತು.

ಹಾಗಾದರೆ ಹೆಚ್ಚಿನ ಹಣ ಹೋಗುವುದೆಲ್ಲಿಗೆ? ಮೊದಲು ವ್ಯೂಫೈಂಡರಿಗೆ. ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು, ಏಕೆಂದರೆ ಇದರ ಬಗ್ಗೆ ಒಂದು ತಪ್ಪು ವಿವರಣೆ ಬಹಳ ಕಡೆ ಹರಡಿದೆ. ಲೆನ್ಸಿನ ಹಿಂದಿನ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕು ಮೇಲಿನ ಮಬ್ಬುಗಾಜಿನ ಮೇಲೆ ಬಿಂಬವನ್ನು ಮೂಡಿಸುತ್ತದೆ. ಅದನ್ನು ನೇರವಾಗಿಸಿ ಕಣ್ಣಿಗೆ ತಲುಪಿಸಲು ಡಿ7200ರಲ್ಲಿ ಘನಗಾಜಿನ ಪಂಚಕೋನ ಪಟ್ಟಕವಿದೆ. ಡಿ3300ರಲ್ಲಿ ಅದೇ ಆಕಾರಕ್ಕೆ ಜೋಡಿಸಿದ ಕನ್ನಡಿಗಳಿವೆ, ನಡುವೆ ಬರಿಯ ಗಾಳಿ. ಪಟ್ಟಕದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ನಡೆಯುವುದರಿಂದ ಅದು ಮೇಲು ಎಂಬುದು ಜನಪ್ರಿಯ ವಿವರಣೆ. ವಿದ್ಯಾರ್ಥಿಗಳು ಒಪ್ಪುವ ಮೊದಲು ಲೆಕ್ಕ ಹಾಕಲಿ. ಸಾಮಾನ್ಯ ಪಂಚಕೋನ ಪಟ್ಟಕದಲ್ಲಿ ಕಿರಣದ ಪತನ ಕೋನ 22.5 ಡಿಗ್ರಿ. ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿಗೆ ಕ್ರಾಂತಿಕೋನ ಸುಮಾರು 42 ಡಿಗ್ರಿ. ಬೆಳಕು ಹೊರಗೆ ಸೋರಿಹೋಗಲೇಬೇಕು! ಆದ್ದರಿಂದಲೇ ಪಟ್ಟಕಕ್ಕೂ ಲೋಹದ ಲೇಪ ಬೇಕಾಗುತ್ತದೆ. ಕ್ಯಾಮೆರಾದ ಪಟ್ಟಕದಲ್ಲಿ ಸೂರಿನಂತೆ ಇಳಿಜಾರಾದ ಎರಡು ಮುಖಗಳ ಮೇಲೆ ಪತನ ಕೋನ ಹೆಚ್ಚು, ಆ ಮಾತು ಬೇರೆ. ಮುಂದಿನ ಮುಖಕ್ಕಂತೂ ಲೇಪವಿಲ್ಲದೆ ಗತಿಯಿಲ್ಲ.

ನಿಜವಾದ ಲಾಭ ಬೇರೆಯೇ ಇದೆ. ಬಾವಿಯ ತಳ ಇರುವುದಕ್ಕಿಂತ ಮೇಲೆ ಕಾಣುತ್ತದಲ್ಲವೇ? ಹಾಗೆಯೇ ಗಾಜಿನೊಳಗಿನ 9 ಸೆಂಮೀ ಹಾದಿ ಕಣ್ಣಿಗೆ 6 ಸೆಂಮೀ ಎನಿಸುತ್ತದೆ. ಬಿಂಬ ಹೀಗೆ ಹತ್ತಿರ ಬಂದುದರಿಂದ ನೇತ್ರಕಕ್ಕೆ ಕಡಿಮೆ ಸಂಗಮದೂರದ ಮಸೂರವನ್ನು ಬಳಸಬಹುದು, ವರ್ಧನೆ ಹೆಚ್ಚುತ್ತದೆ. 50 ಮಿಮೀ ಲೆನ್ಸ್ ಹಾಕಿದಾಗ ಡಿ7200ರ ವ್ಯೂಫೈಂಡರಿನ ವರ್ಧನೆ 0.94, ಡಿ3300ರದು 0.85. ಮೊದಲನೆಯದು ಚಿತ್ರದ ಹೆಚ್ಚುಕಡಿಮೆ ಪೂರ್ತಿ ಭಾಗವನ್ನು ತೋರಿಸಿದರೆ ಎರಡನೆಯದು ಉದ್ದ ಅಗಲಗಳಲ್ಲಿ ಶೇ. 95ರಷ್ಟನ್ನು ಮಾತ್ರ. ಎರಡನ್ನೂ ಸೇರಿಸಿ ವರ್ಗ ಮಾಡಿದರೆ ಕಣ್ಣಿಗೆ ಕಾಣುವ ಕಿಟಕಿ ಸುಮಾರು ಮೂರನೇ ಒಂದು ಪಾಲು ದೊಡ್ಡದು. ದಿನವಿಡೀ ಕಣ್ಣಿಟ್ಟು ಹಕ್ಕಿ ನೋಡುವವರಿಗೆ ಇದು ಸಣ್ಣ ಸಂಗತಿಯಲ್ಲ. ತೆಗೆದ ಚಿತ್ರಕ್ಕೆ ಮಾತ್ರ ಇದರಿಂದ ಏನೂ ಆಗದು.

ಡಿ7200ರ ಬಾಡಿಯೊಳಗೆ ಫೋಕಸ್ ಮೋಟಾರ್ ಇದೆ. ತಮ್ಮದೇ ಮೋಟಾರ್ ಇಲ್ಲದ ಹಳೆಯ ಲೆನ್ಸುಗಳಿಗೂ ಅದು ತಾನಾಗಿ ಫೋಕಸ್ ಮಾಡುತ್ತದೆ. ಷಟರ್ ವೇಗ 1/8000 ಸೆಕೆಂಡಿನವರೆಗೆ, ಡಿ3300ರಲ್ಲಿ 1/4000. ಎರಡು ತಿರುಗುಗುಂಡಿಗಳಿವೆ. ಬೋಧಿಸುವವನಾಗಿ ನನಗೆ ಈ ಕೊನೆಯದು ಮೆಚ್ಚುಗೆ: ದ್ಯುತಿರಂಧ್ರ ಒಂದು ಬೆರಳಿಗೆ, ಷಟರ್ ಇನ್ನೊಂದಕ್ಕೆ. ಎರಡು ಸ್ವತಂತ್ರ ಚರಗಳು ಎಂದರೇನು ಎಂಬುದು ವಿದ್ಯಾರ್ಥಿಯ ಕೈಗೇ ತಿಳಿಯುತ್ತದೆ.

ಇವೆಲ್ಲ ಗಾಜು, ಲೋಹ, ಯಂತ್ರಗಳಿಗೆ ತೆತ್ತ ಬೆಲೆ, ಒಪ್ಪೋಣ. ನನ್ನ ಆಕ್ಷೇಪವಿರುವುದು ಇನ್ನೊಂದು ಬಗೆಯ ವ್ಯತ್ಯಾಸಗಳ ಬಗ್ಗೆ. ಬೇರೆ ಬೇರೆ ಒಡ್ಡಿಕೆಗಳಲ್ಲಿ ಒಂದೇ ದೃಶ್ಯವನ್ನು ತಾನಾಗಿ ತೆಗೆಯುವ ಬ್ರಾಕೆಟಿಂಗ್, ನಿಗದಿತ ಅವಧಿಗೊಮ್ಮೆ ತೆಗೆಯುವ ಟೈಮರ್ ಡಿ3300ರಲ್ಲಿಲ್ಲ. ಮೊಳಕೆ ಒಡೆಯುವುದನ್ನೋ ಸ್ಫಟಿಕ ಬೆಳೆಯುವುದನ್ನೋ ಚಿತ್ರಿಸಲು ವಿಜ್ಞಾನ ಸಂಘಕ್ಕೆ ಬೇಕಾದುವು ಇವೇ. ಇವುಗಳಿಗೆ ಹೆಚ್ಚುವರಿ ಗಾಜು ಬೇಡ, ಕೆಲವು ಸಾಲುಗಳ ತಂತ್ರಾಂಶ ಸಾಕು. ಬೇಕೆಂದೇ ತಡೆಹಿಡಿದ ಸೌಲಭ್ಯಗಳಿವು ಎನ್ನಲು ಹಳೆಯ ನಿದರ್ಶನವೊಂದಿದೆ. ಕ್ಯಾನನ್ ಕಂಪನಿ 2003ರಲ್ಲಿ 10ಡಿ ಮಾದರಿಯನ್ನೂ, ಕೆಲವೇ ತಿಂಗಳ ನಂತರ ಅದೇ 63 ಲಕ್ಷ ಬಿಂದುಗಳ ಸಾಮರ್ಥ್ಯದ ಅಗ್ಗದ 300ಡಿಯನ್ನೂ ಹೊರತಂದಿತು. ಹವ್ಯಾಸಿಗಳು 300ಡಿಯ ಒಳತಂತ್ರಾಂಶವನ್ನು ತಿದ್ದಿ ನೋಡಿದರು. ಐಎಸ್‌ಒ 3200, ಕನ್ನಡಿಯನ್ನು ಮುಂಚೆಯೇ ಮೇಲೆತ್ತುವ ಸೌಲಭ್ಯ ಮುಂತಾದುವು ಅದರಲ್ಲೂ ಕೆಲಸ ಮಾಡತೊಡಗಿದವು. ಯಂತ್ರಕ್ಕೆ ಶಕ್ತಿಯಿತ್ತು, ಅಪ್ಪಣೆ ಇರಲಿಲ್ಲ! ಹೋಲಿಕೆಯ ಕೋಷ್ಟಕಗಳಲ್ಲಿ ಪಟ್ಟಕವೂ ಬ್ರಾಕೆಟಿಂಗೂ ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ತೂಕದವಂತೆ ಕೂರುತ್ತವೆ. ವಿಮರ್ಶಕರು ಇವನ್ನು ಬೇರ್ಪಡಿಸಿ ಹೇಳಬೇಕು.

ಈಗ ಹಣದ ಮಾತು. ನಾನು ಭೇಟಿಯಿತ್ತ ಕಾಲೇಜೊಂದರಲ್ಲಿ ಮಧ್ಯಮ ಶ್ರೇಣಿಯ ಬಾಡಿಗೇ ಹಣವೆಲ್ಲ ಮುಗಿದು, ಸಾಧಾರಣ ಜೂಮ್ ಲೆನ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಟ್ರೈಪಾಡ್ ಸಹ ಇಲ್ಲ. ಕತ್ತಲ ಕೋಣೆಯಲ್ಲಿ ವಿಸರ್ಜನಾ ನಳಿಕೆಯ ಹೊಳಪನ್ನು ತೆಗೆದ ಚಿತ್ರಗಳು ಕಾಳುಕಾಳಾಗಿ, ಅಲುಗಿದಂತೆ ಬಂದಿದ್ದವು. ಮುಂದಿನ ವರ್ಷ ಇನ್ನೂ ದುಬಾರಿ ಕ್ಯಾಮೆರಾ ಕೇಳುತ್ತೇವೆ ಎಂದರು ಅಲ್ಲಿನ ಅಧ್ಯಾಪಕರು. ಕೊರತೆ ಇದ್ದುದು ಕ್ಯಾಮೆರಾದಲ್ಲಲ್ಲ. ಸಾಮಾನ್ಯ 18–55 ಮಿಮೀ ಜೂಮ್ 55 ಮಿಮೀಯಲ್ಲಿ ಎಫ್/5.6, ಅದರ ದ್ಯುತಿರಂಧ್ರದ ವ್ಯಾಸ 9.8 ಮಿಮೀ. 50 ಮಿಮೀ ಎಫ್/1.8 ಲೆನ್ಸಿನದು 27.8 ಮಿಮೀ. ಸಂವೇದಕದ ಮೇಲೆ ಬೀಳುವ ಬೆಳಕು ಎಫ್-ಸಂಖ್ಯೆಗಳ ಅನುಪಾತದ ವರ್ಗದಷ್ಟು, ಎಂದರೆ ಸುಮಾರು 9.7 ಪಟ್ಟು ಹೆಚ್ಚುತ್ತದೆ. ಎನ್ ಫೋಟಾನುಗಳನ್ನು ಎಣಿಸಿದಾಗ ಏರಿಳಿತ ಎನ್‌ನ ವರ್ಗಮೂಲದಷ್ಟು. ಆದ್ದರಿಂದ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ ಮೂರು ಪಟ್ಟಿಗಿಂತ ತುಸು ಹೆಚ್ಚೇ ಸುಧಾರಿಸುತ್ತದೆ. ಬಾಡಿ ಬದಲಿಸಿ ಇಷ್ಟು ಪಡೆಯಲಾರಿರಿ. ಸ್ಪಷ್ಟತೆಯ ಆಳ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ನಳಿಕೆಯಂಥ ಅಲುಗದ ವಸ್ತುವಾದರೆ ಟ್ರೈಪಾಡ್ ಇನ್ನೂ ಅಗ್ಗದ ಮದ್ದು: ಷಟರನ್ನು ಹತ್ತು ಪಟ್ಟು ಹೊತ್ತು ತೆರೆದಿಡಿ.

ಆದ್ದರಿಂದ ನಿಮ್ಮಲ್ಲಿ ಹಳೆಯ ಲೆನ್ಸುಗಳ ಸಂಗ್ರಹವಿದ್ದರೆ, ಅಥವಾ ಕ್ಯಾಮೆರಾ ದಿನವೂ ಹತ್ತಾರು ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುವುದಾದರೆ ಮಧ್ಯಮ ಶ್ರೇಣಿಯದನ್ನು ಕೊಳ್ಳಿ. ಉಳಿದವರು ಪ್ರವೇಶ ಮಟ್ಟದ ಬಾಡಿ, ಮೋಟಾರ್ ಇರುವ 50 ಮಿಮೀ ಎಫ್/1.8 ಲೆನ್ಸ್, ಗಟ್ಟಿಯಾದ ಟ್ರೈಪಾಡ್ ಕೊಳ್ಳಲಿ. ಟೈಮರಿನ ಕೊರತೆಯನ್ನು ಡಿ3300ರ ಪಕ್ಕದ ಕಿಂಡಿಗೆ ತಂತಿಯ ಟೈಮರ್ ಸಿಕ್ಕಿಸಿ ತುಂಬಿಕೊಳ್ಳಬಹುದು. 2016ರ ಡಿ3400 ಹೊಸದೆಂದು ಮರುಳಾಗಬೇಡಿ, ಅದರಲ್ಲಿ ಆ ಕಿಂಡಿಯನ್ನೇ ತೆಗೆದುಹಾಕಿದ್ದಾರೆ. ಬಳಸಿದ ಡಿ7200 ಸಿಕ್ಕರೆ ಅದು ಮದುವೆ ಮನೆಗಳಲ್ಲಿ ದುಡಿದು ಬಂದದ್ದಿರಬಹುದು. ಅದರ ಷಟರನ್ನು ತಯಾರಕರು ಪರೀಕ್ಷಿಸಿರುವುದು 1,50,000 ಬಾರಿಗೆ. ಒಂದು ಚಿತ್ರ ತೆಗೆದು, ಕಡತದಲ್ಲಿ ಅಡಗಿರುವ ಷಟರ್ ಎಣಿಕೆಯನ್ನು ಗಣಕದಲ್ಲಿ ಓದಿ, ಆಮೇಲೆ ಬೆಲೆ ಮಾತಾಡಿ.